ಹೆಣ, ಹಂಡೆ ಮತ್ತು ಹಳೇ ನೋಟು

ನನ್ನ ಕಾದಂಬರಿಯಲ್ಲಿ ಹೆಣ ಎರಡನೇ ಪುಟಕ್ಕೇ ಬೀಳುತ್ತದೆ. ಬೀಳುವವನು ಅಡಿಕೆ ಫಸಲು ಗುತ್ತಿಗೆ ಹಿಡಿದ ಖೇಣಿದಾರ. ಬೀಳುವ ಜಾಗ ಅವನದೇ ಖೇಣಿ ಮನೆಯ ಅಂಗಳ. ಸುತ್ತ ನಾಲ್ಕು ಜನ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿರುತ್ತಾರೆ. ಯಾರೂ ಕಿರುಚುವುದಿಲ್ಲ. ಒಬ್ಬಳು ಮೂಗಿನ ಹತ್ತಿರ ಬೆರಳು ಹಿಡಿದು, "ಹೋಗ್ಬಿಟ್ಟ" ಅನ್ನುತ್ತಾಳೆ. ಇನ್ನೊಬ್ಬಳು, "ಬಟವಾಡೆ ಮಾಡಿ ಹೋಗಬಾರದಿತ್ತಾ" ಅನ್ನುತ್ತಾಳೆ. ಮೂರನೆಯವಳು ಸುಲಿದ ರಾಶಿ ನೋಡುತ್ತಾಳೆ. ನಾಲ್ಕನೆಯವಳು ಒಲೆಗೆ ಸೌದೆ ಒಡ್ಡುತ್ತಾಳೆ.

ಓದಿದವರು ಕೇಳುವ ಮೊದಲ ಪ್ರಶ್ನೆ, "ಇದು ನಿಜವಾಗಿ ನಡೆದದ್ದಾ?" ಅಂತ. ಎರಡನೆಯದು, "ಯಾವ ಊರಲ್ಲಿ?" ನಾನೂ ಇದೇ ಎರಡು ಪ್ರಶ್ನೆ ಹಿಡಿದುಕೊಂಡು ಬಹಳ ದಿನ ಓಡಾಡಿದವಳು. ಹಾಗಾಗಿ ಅದನ್ನೇ ಬರೆಯುತ್ತೇನೆ.

ನಾನು ಹುಟ್ಟಿದ್ದು ಜಗಳೂರು ತಾಲ್ಲೂಕಿನಲ್ಲಿ. ಮಳೆ ಬಂದರೆ ಮೆಕ್ಕೆಜೋಳ, ಶೇಂಗಾ. ಬರದಿದ್ದರೆ ಗುಳೆ. ಮದುವೆಯಾಗಿ ಬಂದದ್ದು ಚನ್ನಗಿರಿ ತಾಲ್ಲೂಕಿಗೆ, ಅಡಿಕೆ ಮನೆಗೆ. ನಾನು ಹುಟ್ಟಿದಾಗ ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು, ಚನ್ನಗಿರಿ ಶಿವಮೊಗ್ಗಕ್ಕೆ. 1997ರಲ್ಲಿ ದಾವಣಗೆರೆ ಜಿಲ್ಲೆ ಮಾಡಿದಾಗ ಎರಡೂ ಒಂದಕ್ಕೇ ಬಂದವು. ಸರ್ಕಾರ ಸೇರಿಸಿತು, ಸರಿ. ಆದರೆ ನಮ್ಮತ್ತೆ ಇವತ್ತಿಗೂ ನನ್ನನ್ನು "ಆ ಕಡೆಯವಳು" ಅಂತಲೇ ಹೇಳುತ್ತಾರೆ. ಸುಲಿಯುವುದಕ್ಕೆ ಕೂತ ಮೊದಲ ಸುಗ್ಗಿಯಲ್ಲಿ ನನ್ನ ಬೆರಳು ನೋಡಿ ಇಡೀ ಖೇಣಿ ಮನೆ ನಕ್ಕಿತ್ತು. ಅಡಿಕೆಗಿಂತ ಜಾಸ್ತಿ ನಾನೇ ಸುಲಿದುಹೋಗಿದ್ದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಖೇಣಿ ಅಂದರೆ ತೋಟದ ಫಸಲನ್ನು ಒಬ್ಬರಿಗೆ ಗುತ್ತಿಗೆ ಕೊಡುವುದು. ಖೇಣಿದಾರ ತನ್ನ ಆಳುಗಳ ಕೈಲಿ ಗೊನೆ ಇಳಿಸಿ, ತನ್ನ ಮನೆಗೆ ಸಾಗಿಸಿ, ಸುಲಿಸಿ, ಬೇಯಿಸಿ, ಒಣಗಿಸುತ್ತಾನೆ. ಕೊಯ್ಲು ಮಳೆಗಾಲದ ಕೊನೆಗೆ ಶುರುವಾದರೆ ಸಂಕ್ರಾಂತಿ ಹತ್ತಿರದವರೆಗೂ ನಡೆಯುತ್ತದೆ. ಒಂದು ಕ್ವಿಂಟಲ್ ಹಸಿ ಅಡಿಕೆಗೆ ಕೈಗೆ ಸಿಗುವುದು 12, 13 ಕೆಜಿ ಒಣ ಅಡಿಕೆ. ಉಳಿದದ್ದು ಸಿಪ್ಪೆ, ನೀರು ಮತ್ತು ಹೆಂಗಸರ ಮಾತು.

ಮಾತು ಅಂದೆ ಅಲ್ವಾ. ಈಗ ಸುಲಿಯುವ ಯಂತ್ರ ಬಂದಿದೆ. ಅದರ ಸದ್ದಿನಲ್ಲಿ ಪಕ್ಕದವಳು ಸತ್ತರೂ ಕೇಳುವುದಿಲ್ಲ. ಆಗ ಹಾಗಿರಲಿಲ್ಲ. ಸಂಜೆ ಮನೆ ಕೆಲಸ ಮುಗಿಸಿ ಬಂದು ಕೂತರೆ ಒಂದೇ ಒಂದು ಬಲ್ಬು, ನಡುವೆ ಅಡಿಕೆ ರಾಶಿ, ಸುತ್ತ ನಾವು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ. ಕಣ್ಣು ಕತ್ತಿ ಮೇಲೆ ಇರಬೇಕು. ಹಾಗಾಗಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಮುಖ ನೋಡದೆ ಮಾತಾಡುವಾಗ ಏನೇನು ಹೊರಗೆ ಬರುತ್ತದೆ ಅನ್ನುವುದನ್ನು ಅಲ್ಲಿ ಕೂತವರೇ ಬಲ್ಲರು.

ಅಲ್ಲಿ ಕೇಳಿದ ಕತೆ ಇದು. ಒಂದು ಊರಲ್ಲಿ ಸುಗ್ಗಿಯ ನಡುವೆ ಮನೆ ಯಜಮಾನ ಹೊರಟುಹೋದನಂತೆ. ಸುಲಿದ ಅಡಿಕೆ ಅಂಗಳದಲ್ಲಿ ರಾಶಿ ಬಿದ್ದಿತ್ತಂತೆ. ಸುದ್ದಿ ಹೊರಗೆ ಬಿಟ್ಟರೆ ಒಲೆ ಹಚ್ಚುವ ಹಾಗಿಲ್ಲ. ಹಾಗಾಗಿ ಹೆಂಗಸರು ಬೆಳಗಿನವರೆಗೂ ಬಾಯಿ ಮುಚ್ಚಿಕೊಂಡು, ಅಡಿಕೆ ಬೇಯಿಸಿ, ಬಸಿದು, ಹರವಿ, ಆಮೇಲೆ ಅಳೋಕೆ ಶುರು ಮಾಡಿದರಂತೆ.

ಇದನ್ನು ಹೇಳಿದ ಅಕ್ಕ ನಲ್ಲೂರು ಕಡೆಯವಳು. "ನಮ್ಮೂರಲ್ಲಲ್ಲ ಮತ್ತೆ, ಸಂತೆಬೆನ್ನೂರು ಕಡೆ" ಅಂದಳು. ಸಂತೆಬೆನ್ನೂರಿನ ಒಬ್ಬರು ಮದುವೆ ಮನೆಯಲ್ಲಿ ಸಿಕ್ಕಾಗ ಕೇಳಿದೆ. "ಹೂಂ, ಕೇಳೀನಿ. ಅದು ಹೊನ್ನಾಳಿ ಕಡೆ ನಡೆದದ್ದು" ಅಂದರು. ಹೊನ್ನಾಳಿಯ ನನ್ನ ನಾದಿನಿ, "ಇಲ್ಲೆಲ್ಲಿ ಅತ್ತಿಗೆ, ನಿಮ್ಮ ಚನ್ನಗಿರಿ ಕಡೆಯದೇ ಅಲ್ವಾ ಅದು" ಅಂತ ನಕ್ಕಳು. ಹೆಣ ಹೀಗೆ ತಾಲ್ಲೂಕಿನಿಂದ ತಾಲ್ಲೂಕಿಗೆ ಬಸ್ಸು ಹತ್ತಿಕೊಂಡು ತಿರುಗುತ್ತಿತ್ತು. ಎಲ್ಲರಿಗೂ ಗೊತ್ತು, ಯಾರ ಊರಲ್ಲೂ ನಡೆದಿಲ್ಲ.

ಕತೆ ಇಷ್ಟ ಆಗೋಕೆ ಕಾರಣ ಅದರ ಲೆಕ್ಕಾಚಾರ. ಗೊನೆ ಇಳಿಸಿದ ಅಡಿಕೆ ಒಂದೆರಡು ದಿನ ಕಾಯುತ್ತದೆ. ಸುಲಿದ ಮೇಲೆ ಕಾಯುವುದಿಲ್ಲ. ಆ ರಾತ್ರಿಯೇ ಹಂಡೆಗೆ ಬೀಳಬೇಕು, ಇಲ್ಲದಿದ್ದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ರೇಟು ಕೆಡುತ್ತದೆ. ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಉಳಿದ ಗಟ್ಟಿ ಕೆಂಪು ನೀರಿನಲ್ಲಿ ಕುದಿಯಬೇಕು, ಅಡಿಕೆಯ ಕಣ್ಣು ಉದುರಬೇಕು, ಬಸಿದು ಆಮೇಲೆ ಬಿಸಿಲಿಗೆ. ಸತ್ತವನಿಗೆ ಅವಸರ ಇಲ್ಲ, ಅಡಿಕೆಗೆ ಇದೆ. ಇದರಲ್ಲಿ ಕ್ರೂರವಾದದ್ದು ಏನೂ ನನಗೆ ಕಾಣಲಿಲ್ಲ. ನಗು ಬಂತು. ನಗು ಬಂದದ್ದಕ್ಕೆ ಸ್ವಲ್ಪ ಹೆದರಿಕೆಯೂ ಆಯಿತು. ಈ ಎರಡನ್ನೂ ಒಟ್ಟಿಗೇ ಬರೆಯಬೇಕು ಅಂತ ಅನಿಸಿದ್ದು ಆಗಲೇ.

ನೋಟ್‌ಬುಕ್ ಮಗಳದ್ದು. ಹಿಂದಿನ ವರ್ಷದ ಗಣಿತದ ಪುಸ್ತಕದಲ್ಲಿ ಉಳಿದ ಹಾಳೆಗಳು. ಬರೆಯುವ ಹೊತ್ತು ಅಂದರೆ ಮೋಟಾರಿಗೆ ಕರೆಂಟು ಬರುವ ಹೊತ್ತು. ತೋಟಕ್ಕೆ ನೀರು ಬಿಟ್ಟು ಪಂಪ್‌ಹೌಸ್ ಹತ್ತಿರ ಕೂತರೆ ಯಾರೂ ಬಂದು, "ಏನ್ ಮಾಡ್ತಿದೀಯಾ" ಅಂತ ಕೇಳುವುದಿಲ್ಲ. ನೀರು ಕಾಯುತ್ತಿದ್ದಾಳೆ ಅಂತ ತಿಳಿಯುತ್ತಾರೆ. ಮನೆಯಲ್ಲಿ ಬರೆದರೆ ಮಾತ್ರ ಅದು ಪುರುಸೊತ್ತು. ತ್ರೀಫೇಸ್ ಕರೆಂಟು ಕೊಡುವವರಿಗೆ ನನ್ನ ಕಾದಂಬರಿ ಋಣಿ. ರಾತ್ರಿ ಪಾಳಿ ಕೊಟ್ಟ ವಾರ ಅಧ್ಯಾಯ ಉದ್ದ ಬಂದಿವೆ, ಗಮನಿಸಿ.

ಮೊದಲು ಕತೆಗೆ ಕಾಲ ಗೊತ್ತುಮಾಡಿರಲಿಲ್ಲ. ಒಂದು ಊರು, ಒಂದು ಸುಗ್ಗಿ, ಅಷ್ಟೇ. ಹೆಣ ಬಿತ್ತು, ಅಡಿಕೆ ಬೆಂತು, ಬೆಳಗಾಯಿತು, ಅತ್ತರು. ಸಣ್ಣ ಕತೆಗೆ ಸಾಕು, ಕಾದಂಬರಿಗೆ ಸಾಲದು. ಬೆಳಗಾದ ಮೇಲೆ ಏನು? ಆ ನಾಲ್ಕು ಜನ ಒಬ್ಬರಿಗೊಬ್ಬರು ಕಟ್ಟಿಬೀಳುವಂಥದ್ದು ಏನಾದರೂ ಬೇಕು. ಹಾಗೆ ಯೋಚಿಸುತ್ತಿದ್ದಾಗ ಎದುರು ಮನೆ ಅಕ್ಕ, ಸುಲಿಯುತ್ತಾ, ಯಾವುದೋ ಮಾತಿಗೆ, "ನೋಟು ಹೋದ ವರ್ಷ" ಅಂದಳು.

ಕೈ ನಿಂತಿತು. 2016ರ ನವೆಂಬರ್ 8. ಮಂಗಳವಾರ. ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು 500, 1000 ರೂಪಾಯಿ ನೋಟು ನಡುರಾತ್ರಿಯಿಂದ ನಡೆಯುವುದಿಲ್ಲ ಅಂದರು. ಅದು ನಡುಸುಗ್ಗಿ! ಖೇಣಿದಾರರ ಕೈಯಲ್ಲಿ ಬರೀ ನಗದು ಓಡಾಡುವ ಕಾಲ. ಆ ವರ್ಷ ಬರ ಬೇರೆ.

ಅಲ್ಲಿಗೆ ಕತೆ ತಾನೇ ಕಟ್ಟಿಕೊಂಡಿತು. ಏಳೂವರೆಗೆ ಖೇಣಿದಾರ ಬೀಳುತ್ತಾನೆ. ಹೆಂಗಸರಿಗೆ ಅವನಿಂದ ಬಟವಾಡೆ ಬಾಕಿ. ಸೊಂಟದ ಚೀಲದಲ್ಲಿ 500ರ ಕಟ್ಟುಗಳು. "ಇದು ಕಳ್ಳತನ ಅಲ್ಲ ಕಣ್ರೇ, ಬಾಕಿ" ಅಂತ ಹಂಚಿಕೊಳ್ಳುತ್ತಾರೆ. ಬಾಕಿಗಿಂತ ಸ್ವಲ್ಪ ಜಾಸ್ತಿಯೇ. ಸುದ್ದಿ ಬೆಳಗ್ಗೆ ಬಿಡೋಣ ಅಂತ ದೇವರ ಮೇಲೆ ಆಣೆ ಇಡುತ್ತಾರೆ. ಎಂಟೂವರೆಗೆ ಟಿವಿ ಇದ್ದ ಮನೆಯಿಂದ ಒಬ್ಬ ಹುಡುಗ ಓಡಿಬರುತ್ತಾನೆ.

ಪಂಚಾಂಗ ತೆಗೆದು ನೋಡಿದೆ. ಅವತ್ತು ಅರ್ಧ ಚಂದ್ರ, ನಡುರಾತ್ರಿ ಹೊತ್ತಿಗೆ ಮುಳುಗುವಂಥದ್ದು. ಹೆಣ ಸಾಗಿಸುವುದಿದ್ದರೆ ಅದಾದ ಮೇಲೆ. ಇಂಥ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು.

ಆಮೇಲೆ ಮಾಹಿತಿಗೆ ಇಳಿದೆ. ನೋಟು ಹೋದಾಗ ಯಾರ ಹತ್ತಿರ ಎಷ್ಟಿತ್ತು, ಎಲ್ಲಿ ಬಚ್ಚಿಟ್ಟಿದ್ದರು, ಹೇಗೆ ಸಾಗಿಸಿದರು ಅಂತ ಹೆಂಗಸರನ್ನು ಕೇಳತೊಡಗಿದೆ. ನೇರವಾಗಿ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ. "ನಮ್ಮತ್ರ ಎಲ್ಲಿತ್ತು ತಾಯಿ, ದುಡ್ಡು." ಆದರೆ, "ನಿಮ್ಮ ಪೈಕಿ ಯಾರಾದ್ರೂ ಇಟ್ಟಿದ್ರಾ" ಅಂದರೆ ಕಟ್ಟೆ ಒಡೆಯುತ್ತಿತ್ತು. ಒಬ್ಬಳು ಅಕ್ಕಿ ಡ್ರಮ್ಮಿನ ತಳದಲ್ಲಿ ಇಟ್ಟಿದ್ದಳಂತೆ. ಒಬ್ಬಳು ದೇವರ ಫೋಟೋ ಹಿಂದಿನ ರಟ್ಟು ಬಿಚ್ಚಿ ಅಂಟಿಸಿದ್ದಳಂತೆ, ಮಂಗಳಾರತಿ ಆ ದೇವರಿಗೇ ಯಾಕೆ ಜೋರು ಅಂತ ಗಂಡನಿಗೆ ಆಮೇಲೆ ತಿಳಿಯಿತಂತೆ. ಇನ್ನೊಬ್ಬಳು ಬಾಣಂತನದ ಬಟ್ಟೆಯ ಗಂಟಿನಲ್ಲಿ. ಆ ಗಂಟನ್ನು ಯಾವ ಗಂಡಸೂ ಮುಟ್ಟುವುದಿಲ್ಲ. ಮತ್ತೊಬ್ಬಳು ಸತ್ತ ಅತ್ತೆಯ ಟ್ರಂಕಿನಲ್ಲಿ, ಅತ್ತೆ ಇಟ್ಟಿದ್ದ ನೋಟುಗಳ ಮೇಲೇ ತನ್ನ ನೋಟು ಇಟ್ಟಿದ್ದಳಂತೆ.

"ಅಂತೆ" ಇಲ್ಲದೆ ಒಂದು ವಾಕ್ಯವೂ ಇಲ್ಲ. ಬೇರೆಯವಳ ಡ್ರಮ್ಮಿನಲ್ಲಿ ಎಷ್ಟು ಸೇರು ಅಕ್ಕಿ ಇತ್ತು, ಅವತ್ತು ಯಾವ ಸೀರೆ ಉಟ್ಟಿದ್ದಳು, ಬ್ಯಾಂಕಿನ ಸಾಲಿನಲ್ಲಿ ಎಷ್ಟನೆಯವಳು, ಎಲ್ಲಾ ಗೊತ್ತು. ಕೇಳ್ತಾ ಕೇಳ್ತಾ ನನಗೆ ಆ ತಿರುಗುವ ಹೆಣ ನೆನಪಾಯಿತು. ಖೇಣಿ ಮನೆಯಲ್ಲಿ ಯಾರೂ ತಮ್ಮ ಗುಟ್ಟನ್ನು ಮುಚ್ಚಿಡುತ್ತಿರಲಿಲ್ಲ. ಪಕ್ಕದವಳ ಹೆಸರಿನಲ್ಲಿ ಹೇಳಿಬಿಡುತ್ತಿದ್ದರು. ಪಕ್ಕದವಳಿಗೂ ಅದು ತಿಳಿಯುತ್ತಿತ್ತು. ಅವಳು ತನ್ನದನ್ನು ಇವಳ ಹೆಸರಿನಲ್ಲಿ ಹೇಳಿ ಲೆಕ್ಕ ಚುಕ್ತಾ ಮಾಡುತ್ತಿದ್ದಳು. ಎಲ್ಲರಿಗೂ ಎಲ್ಲಾ ಗೊತ್ತಿದ್ದೂ ಯಾರ ಮಾನವೂ ಹೋಗದ ಏರ್ಪಾಡು ಅದು. ನಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಕೂಡ ಇಷ್ಟು ಅಚ್ಚುಕಟ್ಟಾಗಿಲ್ಲ.

ಎದುರು ಮನೆಯವಳ ಹತ್ತಿರವೂ ಸ್ವಲ್ಪ ಇತ್ತು. ಮದುವೆ ಸೀರೆಯ ಮಡಿಕೆಯಲ್ಲಿ, ಇಪ್ಪತ್ತೆಂಟು ಸಾವಿರ. ನಾನೇ ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಲೆಕ್ಕ ಸರಿಯಾಗಿ ಗೊತ್ತು. ನಮ್ಮ ಮನೆಯವರು ಇದನ್ನು ಓದಿದರೆ ಗಮನಿಸಬೇಕು, ಎದುರು ಮನೆಯವಳು.

ಇದು ಹೊಳೆದ ಮೇಲೆ ಬರೆದದ್ದನ್ನು ಮೊದಲಿನಿಂದ ಮತ್ತೆ ಬರೆದೆ. ಅಲ್ಲಿಯವರೆಗೆ ಕತೆಯನ್ನು ಒಬ್ಬಳು "ನಾನು" ಅಂತ ಹೇಳುತ್ತಿದ್ದಳು. ಅವಳನ್ನು ತೆಗೆದೆ. ಈಗ ಹೇಳುವವರು "ನಾವು". ನಾವು ಹೆಣವನ್ನು ಎತ್ತಿದೆವು, ನಾವು ಚೀಲ ಬಿಚ್ಚಿದೆವು, ಆಣೆ ಇಟ್ಟೆವು. ಆದರೆ ಗುಟ್ಟು ಬಂದಾಗ ಮಾತ್ರ, "ನಮ್ಮಲ್ಲಿ ಒಬ್ಬಳು". ಯಾರು ಅಂತ ಪುಸ್ತಕ ಹೇಳುವುದಿಲ್ಲ. ಎಷ್ಟು ಜನ ಸೇರಿ ಹೇಳುತ್ತಿದ್ದಾರೆ ಅನ್ನುವುದೂ ನಡುವೆ ಗೊಂದಲ ಆಗುತ್ತದೆ. ನಾಲ್ಕು ಜನ ಇದ್ದರು, ಐದು ದನಿ ಕೇಳುತ್ತದೆ. ಅದು ಬೇಕಂತಲೇ ಮಾಡಿದ್ದು.

ಹೆಣವನ್ನು ಎಲ್ಲಿ ಇಡುವುದು ಅನ್ನುವುದು ದೊಡ್ಡ ತಲೆನೋವು. ಗೋಣಿತಾಟಿನ ಕೆಳಗೆ ಮಲಗಿಸಿದರೆ ಯಾರಾದರೂ ತಾಟು ಎಳೆಯುತ್ತಾರೆ. ಕೊನೆಗೆ ಅವನನ್ನು ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಿಸಿ, ತಲೆಗೆ ಟವೆಲ್ ಸುತ್ತಿ, ಕಂಬಳಿ ಹೊದಿಸಿ, ಕತ್ತಲ ಮೂಲೆಗೆ ಇಟ್ಟೆ. ಟ್ರ್ಯಾಕ್ಟರ್ ಹುಡುಗ ಬಂದು ಡೀಸೆಲ್ ದುಡ್ಡು ಕೇಳುತ್ತಾನೆ. ಯಜಮಾನ ಉತ್ತರ ಕೊಡುವುದಿಲ್ಲ. "ಸಿಟ್ಟಾಗ್ಯಾರೆ, ನಾಳೆ ಬಾ" ಅನ್ನುತ್ತಾರೆ ನಮ್ಮವರು. ಬದುಕಿದ್ದಾಗಲೂ ಅವನು ಹೀಗೇ ಮಾಡುತ್ತಿದ್ದರಿಂದ ಹುಡುಗನಿಗೆ ಅನುಮಾನ ಬರುವುದಿಲ್ಲ.

ಈ ಅಧ್ಯಾಯ ಬರೆದು ಓದಲು ಕೊಟ್ಟೆ ಅನ್ನುವುದಕ್ಕಿಂತ ಓದಿ ಹೇಳಿದೆ. ಯಂತ್ರ ಬಂದ ಮೇಲೂ ನಮ್ಮ ಕಡೆ ಒಣಗಿದ ಅಡಿಕೆ ಆರಿಸುವುದಕ್ಕೆ ಹೆಂಗಸರೇ ಬೇಕು. ಗೊರಬಲು ಬೇರೆ, ಬೆಟ್ಟೆ ಬೇರೆ, ರಾಶಿ ಇಡಿ ಬೇರೆ ಅಂತ ದರ್ಜೆ ಮಾಡಬೇಕು. ಅವರು ಆರಿಸುತ್ತಿದ್ದರು, ನಾನು ಓದುತ್ತಿದ್ದೆ. ನಡುವೆ ನಕ್ಕರು, ನಡುವೆ ಸುಮ್ಮನಾದರು. ಮುಗಿದ ಮೇಲೆ ಊರಲ್ಲಿ ಹೆಣ ತೊಳೆಯುವುದಕ್ಕೆ ಕರೆಯುವ ಒಬ್ಬ ಅಜ್ಜಿ ಬಾಯಲ್ಲಿದ್ದ ಎಲೆ ಅಡಿಕೆ ಪಕ್ಕಕ್ಕೆ ಸರಿಸಿ ಶುರು ಮಾಡಿದಳು.

"ಕುಂಡ್ರಿಸಿದ್ದು ಎಷ್ಟೊತ್ತಿಗೆ?"

"ಎಂಟು ಗಂಟೆ ಹತ್ತಿರ, ಅಜ್ಜಿ."

"ಬೆಳಗಿನ ತನ ಹಂಗೇ ಕುಂತಿದ್ನಾ?"

"ಹೂಂ."

"ಅಷ್ಟೊತ್ತಿಗೆ ಬಿಗಿತಾನೆ. ಕುಂತೋನು ಕುಂತಂಗೇ. ಬೆಳಗ್ಗೆ ಮಲಗಿಸೋಕೆ ಬರಲ್ಲ."

ಎಲ್ಲರೂ ನನ್ನ ಮುಖ ನೋಡಿದರು. ಅಜ್ಜಿ ಒಂದು ಗೊರಬಲು ಎತ್ತಿ ಪಕ್ಕಕ್ಕೆ ಎಸೆದು, "ಯಾವ ಜನ ಅವನು?" ಅಂದಳು.

"ಲಿಂಗಾಯತರವನು ಅಂತ ಇಟ್ಕೊಂಡಿದೀನಿ."

"ಹಂಗಾರೆ ಒಳ್ಳೇದೇ ಆತು ಬಿಡು. ಹೆಂಗಿದ್ರೂ ಕುಂಡ್ರಿಸೇ ಮಣ್ಣು ಮಾಡ್ಬೇಕಲ್ಲ. ಅರ್ಧ ಕೆಲಸ ನೀನೇ ಮುಗಿಸೀಯಾ."

ಇದನ್ನು ಹಾಗೇ ಕಾದಂಬರಿಗೆ ಹಾಕಿದೆ. ಒಂದಕ್ಷರ ಬದಲಿಸಿಲ್ಲ. ಇಡೀ ಪುಸ್ತಕದಲ್ಲಿ ಎಲ್ಲರೂ ಮೆಚ್ಚುವ ಮಾತು ಅದು, ನನ್ನದಲ್ಲ.

ಅಜ್ಜಿಯ ಹತ್ತಿರ ಇನ್ನೊಂದು ಕೆಲಸವೂ ಇತ್ತು. ಬೆಳಗ್ಗೆ ಖೇಣಿದಾರನ ಹೆಂಡತಿ ಬಂದು ಅಳಬೇಕು. ನಮ್ಮ ಕಡೆ ಹೆಂಗಸರು ಸುಮ್ನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವನ ಗುಣಗಾನ ಅದರಲ್ಲಿ ಅರ್ಧ. ಉಳಿದರ್ಧ ದೂರು. ಸತ್ತವನ ಮುಂದೆ ಕೂತು ಹಾಡಿ ಹೇಳಿದ್ದನ್ನು ಯಾರೂ ಆಮೇಲೆ ಎತ್ತಿ ಆಡುವ ಹಾಗಿಲ್ಲ. ಹೆಂಗಸಿಗೆ ಜೀವಮಾನದಲ್ಲಿ ಊರ ಮುಂದೆ ಬಾಯಿ ಬಿಡಲು ಸಿಗುವ ದೊಡ್ಡ ಸಭೆ ಅದು. ಮೈಕ್ ಒಂದಿಲ್ಲ ಅಷ್ಟೇ.

ನಾನು ಬರೆದಿದ್ದ ಅಳು ಸಿನಿಮಾ ಥರ ಇತ್ತು. ಅಜ್ಜಿ ಕೇಳಿ, "ಇವಳೇನು ಪರೀಕ್ಷೆ ಫೇಲಾಗ್ಯಾಳಾ?" ಅಂದಳು. ಹಾಗಾದರೆ ನೀನೇ ತೋರಿಸು ಅಂದೆ. ಅವರ ಮನೆ ಅಡುಗೆಮನೆಯಲ್ಲಿ ನಾವಿಬ್ಬರೇ. ಒಲೆ ಮೇಲೆ ಹಾಲು. ಅಜ್ಜಿ ಸೆರಗು ತಲೆಗೆ ಎಳೆದುಕೊಂಡಳು, ಕಾಲು ಚಾಚಿದಳು, ಅಂಗೈಯಿಂದ ನೆಲ ಬಡಿದಳು. ದನಿ ಎಲ್ಲಿಂದ ಬಂತೋ ಗೊತ್ತಿಲ್ಲ.

"ಏಳೋ ನನ್ನ ರಾಜಾ, ಸೊಸೈಟಿ ಸಾಲ ಯಾರ ತಲೆಗೆ ಹಾಕಿ ಹೊಂಟ್ಯೋ... ನನ್ನ ಕಿವಿಯೋಲೆ ಅಡ ಇಟ್ಯಲ್ಲೋ, ಬಿಡಿಸಿಕೊಡೋಕೆ ಯಾವಾಗ ಬರ್ತೀಯೋ... ಮೇಲಿನ ಕೇರಿಗೆ ಹೋಗೋ ದಾರಿ ನಿನಗೆ ಕತ್ತಲಲ್ಲೂ ಕಾಣ್ತಿತ್ತಲ್ಲೋ, ಮನೆ ದಾರಿ ಯಾಕೋ ಮರೆತೆ..."

ನನ್ನ ಮೈ ಜುಮ್ ಅಂದಿತು. ಕಣ್ಣಲ್ಲಿ ನೀರು. ಅಜ್ಜಿ ಅದೇ ರಾಗದಲ್ಲಿ, "ಹಾಲು ಉಕ್ಕತೈತೆ ನೋಡೇ ಅವ್ವಾ" ಅಂದಳು. ನಾನು ಅದನ್ನೂ ಅಳುವಿನ ಭಾಗ ಅಂತ ತಿಳಿದು ಬರೆದುಕೊಳ್ಳುತ್ತಿದ್ದೆ. ಹಾಲು ಒಲೆ ಮೇಲೆ ಚೆಲ್ಲಿತು.

ಮೇಲಿನ ಕೇರಿಯ ವಿಷಯ ಯಾಕೆ ಸೇರಿಸಿದೆ ಅಂತ ಕೇಳಿದೆ. "ಯಾರದೋ ಹೇಳ್ದೆ" ಅಂದಳು. ಅವಳ ಗಂಡ ತೀರಿ ಬಹಳ ವರ್ಷ ಆಯಿತು. ನಾನು ಮುಂದೆ ಕೇಳಲಿಲ್ಲ. ಆದರೆ ಆ ಸಾಲು ಕಾದಂಬರಿಗೆ ಒಂದು ಬಾಗಿಲು ತೆರೆಯಿತು. ಖೇಣಿದಾರನಿಗೆ ಬ್ಯಾಂಕಿನಲ್ಲಿ ಜೀವನ ಜ್ಯೋತಿ ವಿಮೆ ಇರುತ್ತದೆ. ಸತ್ತರೆ 2 ಲಕ್ಷ. ಈಗ ಅದರ ವರ್ಷದ ಕಂತು 436 ರೂಪಾಯಿ, 2016ರಲ್ಲಿ 330. ಕಾದಂಬರಿಯಲ್ಲಿ 330 ಅಂತಲೇ ಇದೆ, ಚೆಕ್ ಮಾಡಿಕೊಳ್ಳಬಹುದು. ಫಾರಂ ತೆಗೆದು ನೋಡಿದರೆ ನಾಮಿನಿ ಜಾಗದಲ್ಲಿ ಹೆಂಡತಿಯ ಹೆಸರಿಲ್ಲ. ಸುಲಿಯುವ ನಾಲ್ವರಲ್ಲಿ ಒಬ್ಬಳದ್ದು. ಅವಳು ಯಾರು ಅನ್ನುವುದು ಹೆಂಡತಿಗೆ ಮೊದಲೇ ಗೊತ್ತು. ಹೆಂಡತಿಗೆ ಗೊತ್ತಿದೆ ಅನ್ನುವುದು ಇವಳಿಗೂ ಗೊತ್ತು. ಅಲ್ಲಿಂದ ಮುಂದೆ ಇಬ್ಬರೂ ಸೇರಿ ಆ ನೋಟುಗಳನ್ನು ಹೇಗೆ ಸಾಗಿಸುತ್ತಾರೆ ಅನ್ನುವುದೇ ಉಳಿದರ್ಧ ಪುಸ್ತಕ. ಸವತಿಯರ ಜಗಳ ಬರೆಯುವುದು ಸುಲಭ. ಅವರು ಒಂದೇ ಸೀಟಿನಲ್ಲಿ ಕೂತು ಬ್ಯಾಂಕಿಗೆ ಹೋಗುವುದನ್ನು ಬರೆಯುವಾಗ ನನಗೆ ಬೆವರು ಬಂತು.

ನೋಟು ಸಾಗಿಸುವ ಭಾಗಕ್ಕೆ ಮಾಹಿತಿ ಜಾಸ್ತಿಯೇ ಸಿಕ್ಕಿತ್ತು. ಮೊದಲು ಒಬ್ಬರಿಗೆ 4000 ರೂಪಾಯಿ ಬದಲಿಸಿ ಕೊಡುತ್ತಿದ್ದರು. ಖಾತೆಗೆ ಕಟ್ಟಲು ಡಿಸೆಂಬರ್ 30ರವರೆಗೆ ಅವಕಾಶ. ಜನಧನ ಖಾತೆ ಇದ್ದ ಹೆಂಗಸರಿಗೆ ಇದ್ದಕ್ಕಿದ್ದಂತೆ ಬೆಲೆ ಬಂದಿತ್ತು. ಹತ್ತು ವರ್ಷ ಮಾತು ಬಿಟ್ಟಿದ್ದ ಮೈದುನಂದಿರು, "ಅತ್ತಿಗೆ ಊಟ ಆಯ್ತಾ" ಅಂತ ವಿಚಾರಿಸಿದರು. ಎರಡು ಸಲ ಬದಲಿಸದಿರಲಿ ಅಂತ ಬೆರಳಿಗೆ ಶಾಯಿ ಹಚ್ಚುತ್ತಾರೆ ಅನ್ನುವ ಸುದ್ದಿ ಬಂದಾಗ ಖೇಣಿ ಮನೆ ತುಂಬಾ ನಗು. ಸುಗ್ಗಿ ಕಾಲದಲ್ಲಿ ಅಡಿಕೆ ಚೊಗರು ಹತ್ತಿ ಸುಲಿಯುವವರ ಬೆರಳು ಕಪ್ಪು. ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗುವುದಿಲ್ಲ. "ನಮಗೆ ಹಚ್ಚಿದ್ರೆ ಅವರಿಗೇ ಕಾಣಲ್ಲ, ದಿನಾ ಹೋಗಿ ಬರಬಹುದು" ಅಂದಿದ್ದರು. ಪುಸ್ತಕದ ಹೆಸರು ಚೊಗರು ಅಂತ ಗಟ್ಟಿಯಾದದ್ದು ಈ ಮಾತು ನೆನಪಾದ ದಿನ.

ನಮ್ಮ ತಾಲ್ಲೂಕಿನಲ್ಲಿ ಕತೆ ಬರೆದು ಸೂಳೆಕೆರೆ ಬಿಡುವುದಕ್ಕಾಗುತ್ತದೆಯೇ. ಶಾಂತಿಸಾಗರ ಅಂತ ಬೋರ್ಡು ಇದ್ದರೂ ಬಾಯಲ್ಲಿ ಸೂಳೆಕೆರೆಯೇ. ಅದನ್ನು ಕಟ್ಟಿಸಿದವಳು ರಾಜನ ಮಗಳು ಶಾಂತವ್ವ ಅಂತ ಕತೆ. ಅವಳು ಒಬ್ಬನ ಜೊತೆ ಹೋಗಿಬಂದಳು ಅಂತ ಅಪ್ಪ ಊರೊಳಗೆ ಸೇರಿಸಲಿಲ್ಲವಂತೆ. ಆ ಕಳಂಕ ಕಳೆದುಕೊಳ್ಳುವುದಕ್ಕೆ ಅವಳು ಕೆರೆ ಕಟ್ಟಿಸಲು ಹೊರಟಳು. ಜಾಗ ಸೂಳೆಯರದ್ದಾಗಿತ್ತು. ಕೆರೆಗೆ ನಮ್ಮ ಹೆಸರು ಇಡುವುದಾದರೆ ಕೊಡುತ್ತೇವೆ ಅಂದರು, ಇಟ್ಟಳು. ಕಾದಂಬರಿಯಲ್ಲಿ ನೋಟು ಇಟ್ಟುಕೊಂಡು ಸಾಕಾಗಿ ಒಬ್ಬಳು, "ಎಲ್ಲಾ ತಗೊಂಡು ಹೋಗಿ ಸೂಳೆಕೆರೆಗೆ ಹಾಕಿಬಿಡೋಣ" ಅನ್ನುತ್ತಾಳೆ. ಇನ್ನೊಬ್ಬಳು, "ಒಬ್ಬಳ ಗುಟ್ಟಿಗೇ ಅಷ್ಟು ದೊಡ್ಡ ಕೆರೆ ಬೇಕಾತು, ನಾಲ್ಕು ಜನದ್ದು ಎಲ್ಲಿ ಹಿಡಿಸ್ತೈತೆ" ಅನ್ನುತ್ತಾಳೆ. ಈ ಮಾತು ಮಾತ್ರ ನನ್ನದೇ. ಹೇಳಿಕೊಳ್ಳಬೇಕು ಅನಿಸಿತು.

ಹೆಸರಿನ ಪಂಚಾಯ್ತಿಕೆ ಒಂದು ಆಯಿತು. ಹಳ್ಳಿ ಕಾದಂಬರಿಗೆ ಯಾವ ಹೆಸರು ಇಟ್ಟರೂ ಆ ಹೆಸರಿನವರು ಕೇರಿಗೆ ಇಬ್ಬರು ಇರುತ್ತಾರೆ. ಹಾಲಮ್ಮ ಅಂದರೆ ಮೂರು ಮನೆಯವರು ಜಗಳಕ್ಕೆ ಬರುತ್ತಾರೆ. ನಿಮಗೆ ಬೇಕಾದ ಹೆಸರು ನೀವೇ ಹೇಳಿ ಅಂದೆ. ಎಲ್ಲರೂ ಧಾರಾವಾಹಿ ಪಾತ್ರಗಳ ಹೆಸರು ಕೊಟ್ಟರು. ಅಡಿಕೆ ಸುಲಿಯುವ ಜಾಗದಲ್ಲಿ ಸಾನಿಯಾ, ಭೂಮಿಕಾ! ಆಗೋದಿಲ್ಲ ಅಂದೆ. ಕೊನೆಗೆ ಒಬ್ಬಳು, "ಆ ಬಾಯಿಬಡುಕಿಗೆ ನಮ್ಮತ್ತೆ ಹೆಸರಿಡು" ಅಂದಳು. ಆಮೇಲೆ ಕೊಡುಗೆಗಳ ಮಳೆ. ನನ್ನ ಕಾದಂಬರಿಯ ಹೆಂಗಸರೆಲ್ಲಾ ಈಗ ಯಾರ್ಯಾರದೋ ಅತ್ತೆಯರು. ಅತ್ತೆಯರಿಗೆ ತಿಳಿದಿದೆಯೇ ಅಂದರೆ, ತಿಳಿದಿದೆ. ಅವರ ಹೆಸರು ಪುಸ್ತಕದಲ್ಲಿ ಬಂದಿದೆ ಅಂತ ಖುಷಿಯಾಗಿದ್ದಾರೆ. ಓದಿ ಹೇಳುವವರು ಸೊಸೆಯರೇ ಆದ್ದರಿಂದ ಭಯ ಇಲ್ಲ.

ಅಚ್ಚಿನ ಕತೆ ಉದ್ದ ಮಾಡುವುದಿಲ್ಲ. ಒಬ್ಬ ಪ್ರಕಾಶಕರು, ರೈತ ಮಹಿಳೆಯ ನೋವು ಇದರಲ್ಲಿ ಸಾಲದು ಅಂದರು. ಇನ್ನೊಬ್ಬರು, ಕೊನೆಗೆ ಆ ಹೆಂಗಸರಿಗೆ ಶಿಕ್ಷೆ ಆಗಲಿ, ಓದುಗರು ಒಪ್ಪುವುದಿಲ್ಲ ಅಂದರು. ಹಳ್ಳಿ ಹೆಂಗಸು ಪುಸ್ತಕದಲ್ಲಿ ಅಳಬೇಕು, ಇಲ್ಲ ಹೋರಾಟ ಮಾಡಬೇಕು. ನಗುತ್ತಾ ಹೆಣ ಕೂರಿಸಿದರೆ ಯಾವ ಕಪಾಟಿನಲ್ಲಿ ಇಡಬೇಕು ಅಂತ ಅವರಿಗೆ ತಿಳಿಯದು. ಕೊನೆಗೆ ದಾವಣಗೆರೆಯಲ್ಲಿ ಡಿಟಿಪಿ ಮಾಡಿಸಿ, ನಾವೇ ದುಡ್ಡು ಹಾಕಿ, 500 ಪ್ರತಿ ಅಚ್ಚು ಹಾಕಿಸಿದೆವು. ನಾವೇ ಅಂದರೆ ನಾನು ಮತ್ತು ಎದುರು ಮನೆಯವಳು. ಅವಳ ಗೃಹಲಕ್ಷ್ಮಿ ಹಣ, ನನ್ನ ಗೃಹಲಕ್ಷ್ಮಿ ಹಣ, ತಿಂಗಳಿಗೆ ಎರಡೆರಡು ಸಾವಿರ, ಬಂದಾಗ ಬಂದಷ್ಟು. ಪ್ರೂಫ್ ತಿದ್ದಲು ಹೋಗಿಬರುವುದಕ್ಕೆ ಬಸ್ಸು ಫ್ರೀ. ಹೋದ ದಿನ ಮಂಡಕ್ಕಿ ಮೆಣಸಿನಕಾಯಿ ಖರ್ಚು ಮಾತ್ರ ನಮ್ಮದು. ಮನೆಯಲ್ಲಿ ಏನು ಹೇಳಿದ್ದೆವು ಅಂದರೆ, ಅವಳು ನನ್ನ ಹಲ್ಲು ನೋವು ಅಂದಿದ್ದಳು, ನಾನು ಅವಳ ಹಲ್ಲು ನೋವು ಅಂದಿದ್ದೆ.

ಪುಸ್ತಕ ಬಂದ ಮೇಲೆ ಊರಲ್ಲಿ ಏನಾಗುತ್ತೋ ಅಂತ ಅಳುಕಿತ್ತು. ಏನೂ ಆಗಲಿಲ್ಲ. ಅಕ್ಕಿ ಡ್ರಮ್ಮಿನವಳು ಓದಿ, "ಆ ದೇವರ ಫೋಟೋದವಳು ಯಾರು ಅಂತ ಗೊತ್ತಾತು ಬಿಡು" ಅಂದಳು. ಫೋಟೋದವಳು, "ಡ್ರಮ್ಮಿಂದು ಚೆನ್ನಾಗಿ ಬರದೀಯಾ" ಅಂದಳು. ಒಬ್ಬಳೂ ತನ್ನದು ಅನ್ನಲಿಲ್ಲ. ಗಂಡಸರು ಹೆಣದ ಭಾಗ ಓದಿ ನಕ್ಕು, ನೋಟಿನ ಭಾಗಕ್ಕೆ ಬಂದಾಗ ಹೆಂಡತಿ ಮುಖ ನೋಡಿದರಂತೆ. ನನ್ನವರು ಪೂರ್ತಿ ಓದಿದರು. ಎದುರು ಮನೆಯವಳ ಸೀರೆಗೆ ಅಷ್ಟು ದೊಡ್ಡ ಮಡಿಕೆ ಎಲ್ಲಿತ್ತು ಅಂತ ಕೇಳಿದರು. ಸಾರು ಬಡಿಸಿದೆ.

ಅಜ್ಜಿಗೆ ಓದಲು ಬರುವುದಿಲ್ಲ. ಆದರೂ ಒಂದು ಪ್ರತಿ ಬೇಕು ಅಂತ ಮನೆಗೇ ಬಂದಳು. ಸುಮ್ನೆ ಕೊಡುತ್ತೇನೆ ಅಂದರೆ ಒಪ್ಪಲಿಲ್ಲ.

"ಎಷ್ಟು?"

"ಇನ್ನೂರೈವತ್ತು. ನಿನಗೆ ಬೇಡ ಅಜ್ಜಿ."

ಎಲೆ ಅಡಿಕೆ ಚೀಲದ ಒಳಜೇಬಿಗೆ ಕೈ ಹಾಕಿದಳು. ಸುಣ್ಣದ ಡಬ್ಬಿ ತೆಗೆದಳು, ಚಿಟಿಕೆಯಷ್ಟು ಹೊಗೆಸೊಪ್ಪು ತೆಗೆದಳು, ಅದರ ಕೆಳಗಿಂದ ನಾಲ್ಕು ಮಡಿಕೆಯ ಒಂದು ನೋಟು ತೆಗೆದು ನನ್ನ ಅಂಗೈಯಲ್ಲಿ ಇಟ್ಟಳು. ಬಿಚ್ಚಿ ನೋಡಿದೆ. ಹಳೇ 500.

"ಅಜ್ಜಿ, ಇದು ನಡೆಯಲ್ಲ. ನೀನೇ ಕೂತು ಕೇಳಿದ್ಯಲ್ಲ ಕತೆ."

"ಗೊತ್ತೈತೆ. ನನ್ನದಲ್ಲ ಅದು, ನಮ್ಮ ವಾರಗಿತ್ತೀದು."

"ಎಷ್ಟಿವೆ ಇನ್ನೂ?"

"ಅವಳತ್ರ ಒಂದು ಕಟ್ಟು ಇರಬೌದು."

ಹತ್ತಕ್ಕಿಂತ ಹೆಚ್ಚು ಹಳೇ ನೋಟು ಇಟ್ಟುಕೊಂಡರೆ ದಂಡ ಅಂತ 2017ರಲ್ಲೇ ಕಾಯ್ದೆ ಬಂದಿದೆ, ಕಡಿಮೆ ಅಂದರೂ 10 ಸಾವಿರ ಅಂತ ಹೇಳಿದೆ. ಅಜ್ಜಿ ಸ್ವಲ್ಪ ಯೋಚಿಸಿದಳು.

"ಹಂಗಾರೆ ಊರಲ್ಲಿ ಮನೆಗೆ ಒಂದೊಂದು ಪುಸ್ತಕ ತಗಸ್ತೀನಿ. ನೀನು ನೋಟು ಇಸ್ಕಾ."

ನಾನು ಬಿದ್ದು ಬಿದ್ದು ನಕ್ಕೆ. ಅವಳು ನಗಲಿಲ್ಲ. ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು, ಹೊಸಿಲ ಹತ್ತಿರ ನಿಂತು ಕೈ ಚಾಚಿದಳು.

"ಇನ್ನೂರೈವತ್ತು ಚಿಲ್ಲರೆ ಕೊಡು ಮತ್ತೆ. ಹೊಸ ನೋಟಲ್ಲೇ ಕೊಡು."